ಅಕ್ಕೋರ ಮನಿಯವರು

ನನ್ನ ಹೆಂಡತಿಯ ಸಂದರ್ಶನ ನಡೆಯುತ್ತಿದ್ದಾಗ ನಾನು ಕಚೇರಿಯ ಹಿಂದಿನ ಬೇವಿನ ಮರದ ಕೆಳಗೆ ಜೀಪಿಗೆ ಒರಗಿ ನಿಂತಿದ್ದೆ. ಯಾದಗಿರಿಯ ಆ ಕಚೇರಿಯಲ್ಲಿ ಅಲ್ಲಿಯವರೆಗೆ ಒಂದು ಸಂದರ್ಶನವೂ ನಾನಿಲ್ಲದೆ ನಡೆದಿರಲಿಲ್ಲ. ಹಳ್ಳಿಗಳಲ್ಲಿ ಬಾಣಂತಿಯರ, ಮಕ್ಕಳ ಆರೋಗ್ಯ ನೋಡುವ, ಕ್ಷಯದಂಥ ಕಾಯಿಲೆಗಳ ಬಗ್ಗೆ ತಿಳಿವಳಿಕೆ ಕೊಡುವ ಅಂತರರಾಷ್ಟ್ರೀಯ ಸಂಸ್ಥೆ ನಮ್ಮದು. ಮೂಲ ಕಚೇರಿ ಸಮುದ್ರದಾಚೆ, ದೇಶದ ಕಚೇರಿ ಹೈದರಾಬಾದಿನಲ್ಲಿ, ನಮ್ಮ ಭಾಗದ ಕೆಲಸಕ್ಕೆಲ್ಲ ಯಾದಗಿರಿಯೇ ಕೇಂದ್ರ. ಇಲ್ಲಿಯ ಮಾನವ ಸಂಪನ್ಮೂಲ ವಿಭಾಗಕ್ಕೆ ನಾನು ಮುಖ್ಯಸ್ಥ. ಯಾರನ್ನು ಸೇರಿಸಿಕೊಳ್ಳಬೇಕು, ಯಾರಿಗೆ ಎಷ್ಟು ರಜೆ, ಯಾರಿಗೆ ಯಾವ ಊರು, ಯಾರ ಜಗಳ ಹೇಗೆ ಬಗೆಹರಿಸಬೇಕು ಅನ್ನುವುದೆಲ್ಲ ನನ್ನ ಮೇಜಿನ ಮೇಲೆ ಬಂದು ಹೋಗಬೇಕು. ಆದರೆ ಅಭ್ಯರ್ಥಿ ಸ್ವಂತ ಹೆಂಡತಿಯಾದಾಗ ಒಳಗೆ ಕೂರುವಂತಿಲ್ಲ. ಆ ನಿಯಮ ಬರೆದವನೂ ನಾನೇ.

ಆ ಕೆಲಸದ ಸುದ್ದಿಯನ್ನು ಅವಳಿಗೆ ಹೇಳಿದವನೂ ನಾನೇ. ಅವಳು ಶಹಾಪುರದ ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದಳು. ರಾತ್ರಿ ಪಾಳಿ ಮುಗಿಸಿ ಬೆಳಗಿನ ಬಸ್ಸಿಗೆ ಯಾದಗಿರಿಗೆ ಬಂದು, ಮಗಳ ಡಬ್ಬಿ ಕಟ್ಟಿ, ಹಾಗೇ ಗೋಡೆಗೆ ಒರಗಿ ನಿದ್ದೆ ಹೋಗುತ್ತಿದ್ದಳು. ಹಳ್ಳಿಯ ಆರೋಗ್ಯ ಕಾರ್ಯಕರ್ತೆಯರಿಗೆ ತರಬೇತಿ ಕೊಡುವವರು ಬೇಕಾಗಿದ್ದಾರೆ, ಅರ್ಜಿ ಹಾಕಿ ನೋಡು ಅಂದಿದ್ದೆ. ಹಾಕಿದಳು.

ಒಳಗಿನಿಂದ ನಗು ಕೇಳಿಸಿತು. ಒಬ್ಬರದಲ್ಲ, ಎಲ್ಲರದೂ.

ಜೀಪಿನ ಗಾಜು ಒರೆಸುತ್ತಿದ್ದ ಡ್ರೈವರ್ ಕೈ ನಿಲ್ಲಿಸಿ ನನ್ನತ್ತ ನೋಡಿದ. "ಸರ್ರ, ಅಕ್ಕೋರು ಒಳಗ ಎಲ್ಲಾರ್ನೂ ನಗಸಾಕತ್ತಾರ ನೋಡ್ರಿ."

ನಾನು ನಡೆಸಿದ ಸಂದರ್ಶನಗಳಲ್ಲಿ ಯಾರೂ ನಕ್ಕಿದ್ದು ನೆನಪಿರಲಿಲ್ಲ.

ಸಂಜೆ ನಮ್ಮ ನಿರ್ದೇಶಕಿ ನನ್ನ ಕೋಣೆಗೆ ಬಂದರು. ಮೈಸೂರು ಕಡೆಯ ವೈದ್ಯೆ. ನಮ್ಮ ಮಾತಿನ ಬಿರುಸಿಗೆ ಮೊದಮೊದಲು ಬೆಚ್ಚಿ, ಆಮೇಲೆ ಅದಕ್ಕೇ ಒಗ್ಗಿಹೋಗಿದ್ದರು. "ನಿಮ್ಮ ಮನೆಯವರೇ ಎಲ್ಲರಿಗಿಂತ ಮುಂದಿದ್ದಾರೆ. ಹೆಂಗಸರು ನಿಮ್ಮ ಮಾತು ಕೇಳದಿದ್ದರೆ ಏನು ಮಾಡ್ತೀರಿ ಅಂತ ಕೇಳಿದೆವು. ಮೊದಲು ಅವರ ಮನೆಯಲ್ಲಿ ಚಹಾ ಕುಡೀತೀನಿ, ಚಹಾ ಕುದಿಯೋದರೊಳಗೆ ಯಾಕೆ ಕೇಳ್ತಿಲ್ಲ ಅನ್ನೋದು ತಿಳಿಯುತ್ತೆ ಅಂದರು. ನೀವು ಒಳಗಿದ್ದಿದ್ದರೆ ಅವರು ಇಷ್ಟು ಬಿಚ್ಚಿ ಮಾತಾಡ್ತಿರಲಿಲ್ಲ, ಅಲ್ವಾ?"

ಅವರು ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಕೊನೆಯ ಮಾತು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡ ಮೀನಿನ ಮುಳ್ಳಿನ ಹಾಗೆ ಉಳಿಯಿತು.

ಅವಳ ಸಂಬಳ, ಬಡ್ತಿಯ ವಿಷಯವೆಲ್ಲ ಹೈದರಾಬಾದಿನವರು ನೋಡಿಕೊಳ್ಳುವುದೆಂದು ತೀರ್ಮಾನವಾಯಿತು. ಕಚೇರಿಯಲ್ಲಿ ಅವಳು ನನಗೆ "ಸರ್" ಅನ್ನುವಳು, ನಾನು ಅವಳಿಗೆ "ಮೇಡಂ" ಅನ್ನುವೆ. ಮನೆಗೆ ಬಂದ ಮೇಲೆ ಮಗಳು ಅದನ್ನೇ ಅಣಕಿಸಿ ನಗುತ್ತಿದ್ದಳು. ನಾವೂ ನಗುತ್ತಿದ್ದೆವು. ಮೊದಲ ಕೆಲವು ತಿಂಗಳು ಎಲ್ಲವೂ ಚೆನ್ನಾಗಿಯೇ ಇತ್ತು.

ನನ್ನ ಕೆಲಸದ ಬಗ್ಗೆ ಒಂದು ಮಾತು ಹೇಳಬೇಕು. ನನ್ನ ಮಾವ ಸುರಪುರದ ಆಚೆಯ ಹಳ್ಳಿಯವರು, ಕುರಿ ಸಾಕಿದವರು, ಈಗಲೂ ಹಿಂಡು ಬಿಟ್ಟಿಲ್ಲ. ಮದುವೆಯಾದ ಹೊಸತರಲ್ಲಿ ಅವರು ನನ್ನನ್ನು ಕೇಳಿದ್ದರು, "ಅಳಿಯಂದ್ರ, ನಿಮ್ಮ ನೌಕ್ರಿ ಏನಂತ ಹೇಳ್ಬೇಕ್ರಿ ನಾ ಮಂದಿಗಿ?"

"ಕೆಲಸ ಮಾಡೋ ಮಂದೀನ ನೋಡಿಕೊಳ್ಳೋದ್ರಿ ಮಾಮಾ," ಅಂದೆ.

"ನಾ ಕುರಿ ನೋಡಿಕೊಂಡಂಗ?"

"ಹೌದ್ರಿ, ಹಂಗ."

ಅವರಿಗೆ ಸಮಾಧಾನವಾಯಿತು. ಆದರೆ ಕುರುಬನ ದನಿ ಕೇಳಿದರೆ ಹಿಂಡು ತಿರುಗಿ ನೋಡುತ್ತದೆ. ನನ್ನ ದನಿ ಯಾರ ಕಿವಿಗೂ ಬೀಳುವಂಥದ್ದಲ್ಲ. ಹೊತ್ತು ಮುಳುಗಿದ ಮೇಲೆ ಯಾವ ಕಾರ್ಯಕರ್ತೆಯನ್ನೂ ಒಂಟಿಯಾಗಿ ಊರಿಗೆ ಕಳಿಸಬಾರದು ಎಂದು ಬರೆದವನು ನಾನು. ಹಳ್ಳಿಯಲ್ಲಿ ದುಡಿಯುವ ಹೆಂಗಸರಿಗೂ ಕಚೇರಿಯವರಿಗೆ ಇರುವಷ್ಟೇ ಹೆರಿಗೆ ರಜೆ ಸಿಗಬೇಕೆಂದು ಹೈದರಾಬಾದಿನವರ ಜೊತೆ ವರ್ಷಗಟ್ಟಲೆ ಗುದ್ದಾಡಿ ಮಂಜೂರು ಮಾಡಿಸಿದವನು ನಾನು. ಇವೆಲ್ಲ ನಿಯಮಗಳಾಗಿ ಹೋದವು. ನಿಯಮ ಯಾರು ಮಾಡಿದ್ದೆಂದು ಯಾರು ಕೇಳುತ್ತಾರೆ? ಹಳ್ಳಿಯ ಹೆಂಗಸರಿಗೆ ಎಚ್.ಆರ್. ಅನ್ನುವುದು ನಾಲಿಗೆಗೆ ಹೊರಳದೆ ನಾನು "ಎಚ್ಚರ ಸಾಹೇಬ್ರು" ಆಗಿದ್ದೆ. ನನ್ನ ಮುಂದೆ ಕೂತರೆ ಸೆರಗು ಸರಿಪಡಿಸಿಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತಿದ್ದರು. ಹೆಸರಿಗೆ ತಕ್ಕ ಎಚ್ಚರ.

ಅವಳ ಮುಂದೆ ಹಾಗಲ್ಲ. ಶಹಾಪುರದಲ್ಲಿ ನಡೆದ ಮೊದಲ ತರಬೇತಿಗೆ ನಾನೂ ಹೋಗಿದ್ದೆ. ಕಿಟಕಿಯಾಚೆ ಮಲಗಿದ ಬುದ್ಧನಂತೆ ಕಾಣುವ ಗುಡ್ಡ ಬಿಸಿಲಿಗೆ ಬೆಳ್ಳಗಾಗಿತ್ತು. ಬೆಳಿಗ್ಗೆ ನಾನು ರಜೆ, ಭತ್ಯೆ, ದೂರು ಕೊಡುವ ಬಗೆ ಎಲ್ಲವನ್ನೂ ವಿವರಿಸಿದೆ. ಎಲ್ಲರೂ ತಲೆಯಾಡಿಸಿದರು. "ಏನಾದ್ರೂ ಕೇಳೋದು ಅದೇನ್ರಿ?" ಅಂದರೆ ಯಾರೂ ತುಟಿ ಬಿಚ್ಚಲಿಲ್ಲ. ಮಧ್ಯಾಹ್ನ ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ ಬಂದಾಗ ಅವಳು ತಟ್ಟೆ ಹಿಡಿದುಕೊಂಡು ಅವರ ನಡುವೆ ಚಾಪೆಯ ಮೇಲೆ ಕೂತಳು. ಅಷ್ಟೇ ಸಾಕಾಯಿತು. ಒಬ್ಬಳು ಗಂಡ ಮೊಬೈಲು ಕಿತ್ತುಕೊಂಡದ್ದು ಹೇಳಿದಳು, ಇನ್ನೊಬ್ಬಳು ತನ್ನ ಮುಟ್ಟಿನ ತೊಂದರೆ ಹೇಳಿದಳು, ಮತ್ತೊಬ್ಬಳು ಯಾವುದೋ ಊರಿನ ಗೌಡರು ಅಂಗನವಾಡಿಯ ಕೀಲಿ ಕೊಡುವುದಿಲ್ಲ ಅಂದದ್ದು ಹೇಳಿದಳು. ಆ ಕೊನೆಯದು ನಿಜವಾಗಿ ನನಗೆ ಬರಬೇಕಾದ ದೂರು. ನಾನು ಬಾಗಿಲ ಬಳಿ ಕುರ್ಚಿಯ ಮೇಲೆ ಕೂತು, ಮಿರ್ಚಿ ಕಚ್ಚುತ್ತ, ಕೇಳಿಯೂ ಕೇಳಿಸದವನ ಹಾಗಿದ್ದೆ.

ಸುರಪುರದ ಒಂದು ಸಭೆಯಲ್ಲಿ ಅದು ತೀರ ಮುಖಕ್ಕೇ ಬಂತು. ಊರಿನ ಹಿರಿಯರೊಬ್ಬರಿಗೆ ನನ್ನನ್ನು ಪರಿಚಯಿಸುತ್ತ ಅಲ್ಲಿಯ ಕಾರ್ಯಕರ್ತೆ ನಗುನಗುತ್ತ ಅಂದಳು, "ಇವರು ನಮ್ಮ ಅಕ್ಕೋರ ಮನಿಯವರ್ರಿ."

ಆ ಹಿರಿಯರು ನನ್ನ ಕೈ ಹಿಡಿದು, "ಭಾಳ ಪುಣ್ಯಾ ಮಾಡೀರಿ ನೀವು," ಅಂದರು. ಆ ಕಾರ್ಯಕರ್ತೆಯನ್ನು ಕೆಲಸಕ್ಕೆ ಆರಿಸಿದವನು ನಾನು. ಅವಳ ಊರಿಗೆ ಹೋಗಿ, ಗಂಡನ ಮನೆಯವರನ್ನು ಒಪ್ಪಿಸಿ ಬಂದವನು ನಾನು. ವಾಪಸು ಬರುವಾಗ ಜೀಪಿನಲ್ಲಿ ಹೆಂಡತಿ ಆ ಮಾತು ನೆನೆಸಿಕೊಂಡು ನಕ್ಕಳು. ನಾನು ಕಾಲುವೆಯ ನೀರನ್ನೂ ಭತ್ತದ ಗದ್ದೆಗಳನ್ನೂ ನೋಡುತ್ತ ಕೂತೆ.

ಮನೆಯಲ್ಲಿ ಊಟದ ಹೊತ್ತಿಗೆ ಅವಳ ಫೋನು ರಿಂಗಾಗುತ್ತಿತ್ತು. ಗುರುಮಠಕಲ್ಲಿನಿಂದ ಒಬ್ಬಳು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಮಾತಾಡುವಳು. ಅವಳಿಗೆ ಹೆರಿಗೆ ರಜೆ ಮಂಜೂರಾದಾಗ ಪೇಢೆಯ ಡಬ್ಬಿ ಬಂತು. ಬಂದದ್ದು ನನ್ನ ಹೆಂಡತಿಗೆ. "ಅಕ್ಕೋರು ಇದ್ದಿದ್ದಕ್ಕ ಆತು" ಎಂದು ಹೇಳಿ ಕಳಿಸಿದ್ದಳಂತೆ.

"ನಾ ಏನೂ ಮಾಡಿಲ್ಲ, ಅದು ನಮ್ಮ ಸರ್ ಮಾಡಿದ್ದು ಅಂತ ಹೇಳೀನ್ರಿ ಆಕಿಗಿ," ಎಂದಳು ನನ್ನ ಹೆಂಡತಿ, ಡಬ್ಬಿ ನನ್ನ ಮುಂದೆ ಸರಿಸುತ್ತ.

"ಇರಲಿ ಬಿಡು," ಅಂದೆ. ಪೇಢೆ ತಿಂದೆ. ಸಿಹಿಯಾಗಿತ್ತು, ಅದೇ ಸಿಟ್ಟು.

ಹೊಟ್ಟೆಕಿಚ್ಚು ಅನ್ನುವುದು ಬೇರೆಯವರ ಮೇಲೆ ಇದ್ದರೆ ಮನೆಗೆ ಬಂದು ಹೆಂಡತಿಯ ಹತ್ತಿರ ಹೇಳಿಕೊಂಡು ಹಗುರಾಗಬಹುದು. ನನ್ನದು ಹೆಂಡತಿಯ ಮೇಲೆಯೇ. ಅವಳು ಕೆಟ್ಟವಳಾಗಿದ್ದರೂ ಆಗುತ್ತಿತ್ತು. ನನ್ನ ಅಂಗಿಗೆ ಗುಂಡಿ ಹಚ್ಚುತ್ತ, ಇಂಥ ಊರಿನ ಇಂಥವಳಿಗೆ ಏನು ಮಾಡುವುದೆಂದು ನನ್ನನ್ನೇ ಕೇಳುತ್ತಿದ್ದಳು. ನಾನು ಹೇಳಿದ್ದನ್ನೇ ಮಾರನೆಯ ದಿನ ಅವರಿಗೆ ಹೇಳುತ್ತಿದ್ದಳು. ಅವಳ ಬಾಯಿಂದ ಬಂದಾಗ ಅದು ಬೇರೆಯೇ ಆಗುತ್ತಿತ್ತು. ನಾನು ಹೇಳಿದರೆ ಸುತ್ತೋಲೆ, ಅವಳು ಹೇಳಿದರೆ ಮಾತು.

ನಂತರ ನೈರೋಬಿಯ ಪ್ರಯಾಣ ಬಂತು. ಬೇರೆ ಬೇರೆ ದೇಶಗಳಲ್ಲಿ ಹಳ್ಳಿಯ ಆರೋಗ್ಯ ಕಾರ್ಯಕರ್ತೆಯರನ್ನು ತಯಾರು ಮಾಡುವವರ ಸಭೆ. ನಮ್ಮ ದೇಶದಿಂದ ಯಾರನ್ನು ಕಳಿಸುವುದೆಂದು ಮೂಲ ಕಚೇರಿ ಕೇಳಿತ್ತು. ನಿರ್ದೇಶಕಿ ಎಲ್ಲರ ಮುಂದೆ ನನ್ನ ಹೆಂಡತಿಯನ್ನು ತೋರಿಸಿದಾಗ ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಎಲ್ಲರಿಗಿಂತ ಸ್ವಲ್ಪ ಹೆಚ್ಚು ಹೊತ್ತು ತಟ್ಟಿದೆ ಅನ್ನಿಸಿ ನಿಲ್ಲಿಸಿದೆ.

ವಿದೇಶಕ್ಕೆ ಹೋಗುವವರ ಪಾಸ್‌ಪೋರ್ಟು, ವೀಸಾ, ಚುಚ್ಚುಮದ್ದು ಎಲ್ಲವೂ ನನ್ನ ವಿಭಾಗದ ಕೆಲಸ. ಎಷ್ಟೋ ಜನರನ್ನು ಹೀಗೆ ಕಳಿಸಿದ್ದೇನೆ. ಯಾವ ವಿಮಾನ ನಿಲ್ದಾಣದಲ್ಲಿ ಯಾವ ಸಾಲಿನಲ್ಲಿ ನಿಲ್ಲಬೇಕು, ಅಲ್ಲಿ ಏನು ಕೇಳುತ್ತಾರೆ, ಎಷ್ಟು ಚಳಿ ಇರುತ್ತದೆ, ಎಲ್ಲವನ್ನೂ ಬಾಯಿಪಾಠ ಹೇಳಬಲ್ಲೆ. ನನ್ನ ಪಾಸ್‌ಪೋರ್ಟಿನ ಪುಟಗಳು ಮಾತ್ರ ಕೊಟ್ಟಾಗ ಹೇಗಿದ್ದವೋ ಹಾಗೇ ಇದ್ದವು. ಮಾನವ ಸಂಪನ್ಮೂಲದವನನ್ನು ಯಾವ ಸಭೆಗೂ ಕರೆಯುವುದಿಲ್ಲ. ಕರೆದರೂ ಪರದೆಯ ಮೇಲೆ.

ಹಳದಿ ಜ್ವರದ ಚುಚ್ಚುಮದ್ದಿಗೆ ಅವಳನ್ನು ಹೈದರಾಬಾದಿಗೆ ಕರೆದುಕೊಂಡು ಹೋದೆ. ರೈಲಿನಲ್ಲಿ ಅವಳು ಕಿಟಕಿಯ ಬಳಿ ಕೂತಿದ್ದಳು.

"ರೀ, ನಿಮಗ ಬ್ಯಾಸರ ಆಗ್ಯದೇನ್ರಿ?"

"ಇಲ್ಲ."

"ಮತ್ಯಾಕ ಹಂಗ ಮಾರಿ ಮಾಡಿ ಕುಂತೀರಿ?"

"ಬಿಸಲು."

"ಎ.ಸಿ. ಡಬ್ಬಿಯೊಳಗ ಬಿಸಲೇನ್ರಿ?" ಅಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ ನನ್ನ ಮುಖ ನೋಡಿದಳು. "ನಾ ಹೋಗೋದು ಬ್ಯಾಡಂದ್ರ ಹೇಳಿಬಿಡ್ರಿ."

"ಹೋಗು. ಹೋಗಲೇಬೇಕು ನೀ," ಅಂದೆ. ಅದು ಸುಳ್ಳಲ್ಲ. ಅವಳು ಹೋಗದೆ ಉಳಿದಿದ್ದರೆ ನನಗೆ ಇನ್ನೂ ಕಷ್ಟವಾಗುತ್ತಿತ್ತು. ನನಗೆ ಬೇಕಾಗಿದ್ದದ್ದು ಅವಳು ಹೋಗಬಾರದು ಅಂತಲ್ಲ, ಒಮ್ಮೆಯಾದರೂ ನನ್ನನ್ನು ಯಾರಾದರೂ ಕರೆಯಬೇಕು ಅಂತ.

ಅವಳು ಹೋದ ಮೇಲೆ ಕಚೇರಿಯ ವಾಟ್ಸ್ಆ್ಯಪ್ ಗುಂಪಿಗೆ ಫೋಟೋಗಳು ಬರತೊಡಗಿದವು. ಇಳಕಲ್ ಸೀರೆಯುಟ್ಟು ಮೈಕಿನ ಮುಂದೆ ನಿಂತ ಅವಳು. ನೇರಳೆ ಬಣ್ಣದ ಹೂಮರದ ಕೆಳಗೆ ಎತ್ತರದ ಹೆಂಗಸೊಬ್ಬಳ ಹೆಗಲಿಗೆ ಕೈಹಾಕಿ ನಿಂತ ಅವಳು. ಎಲ್ಲರೂ ಹೃದಯದ ಚಿತ್ರ ಹಾಕುತ್ತಿದ್ದರು. ನಾನು ಹೆಬ್ಬೆರಳಿನದು ಹಾಕಿದೆ. ಸಂಜೆ ವಿಡಿಯೋ ಕರೆಯಲ್ಲಿ ಮಗಳ ಜೊತೆ ಅವಳು ಮಾತಾಡುವಾಗ ನಾನು ಅಡುಗೆಮನೆಯಲ್ಲಿ ಏನೋ ಕೆಲಸವಿದ್ದವನ ಹಾಗೆ ಪಾತ್ರೆ ಸರಿಸುತ್ತಿದ್ದೆ.

ಅಂಥ ಒಂದು ದಿನ, ಬಿಸಿಲು ಏರಿದ ಹೊತ್ತಿನಲ್ಲಿ, ಕೆಂಭಾವಿಯ ನಮ್ಮ ಕಾರ್ಯಕರ್ತೆ ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತಳು. ಇಬ್ಬರು ಮಕ್ಕಳ ತಾಯಿ. ಅವಳ ಎರಡನೆಯ ಹೆರಿಗೆ ನನ್ನ ಹೆಂಡತಿ ಇದ್ದ ಆಸ್ಪತ್ರೆಯಲ್ಲೇ ಆದದ್ದು, ಅಲ್ಲಿಂದಲೂ ಇಬ್ಬರದೂ ಒಡನಾಟ. ಬಾಯಿಗೆ ಮಾಸ್ಕು ಹಾಕಿ ಅದರ ಮೇಲೆ ಸೆರಗು ಹೊದ್ದಿದ್ದಳು.

"ಅಕ್ಕೋರು ಇಲ್ಲಲ್ರಿ," ಅಂದೆ, ತಲೆ ಎತ್ತದೆ. "ಬರೋ ವಾರ ಬರ್ತಾರ."

"ಗೊತ್ತದರಿ ಸರ್ರ. ಅದಕ ಈಗ ಬಂದೀನಿ."

ನಾನು ತಲೆ ಎತ್ತಿದೆ.

ಅವಳು ಕುರ್ಚಿಯನ್ನು ನನ್ನ ಮೇಜಿನಿಂದ ದೂರಕ್ಕೆ, ಕಿಟಕಿಯ ಹತ್ತಿರಕ್ಕೆ ಎಳೆದುಕೊಂಡಳು. ಏರ್ ಕೂಲರಿನ ಗುಂಡಿ ಒತ್ತಲು ಹೋದ ನನ್ನನ್ನು ತಡೆದು, ತಾನೇ ಕಿಟಕಿ ತೆಗೆದಳು. ಬಿಸಿಗಾಳಿ ಒಳಗೆ ನುಗ್ಗಿತು. ಆಮೇಲೆ ಹೇಳಿದಳು. ಕೆಮ್ಮು ಬಹಳ ದಿನಗಳಿಂದ ಇತ್ತು. ಕೆಂಭಾವಿಯಲ್ಲಾಗಲಿ ಸುರಪುರದಲ್ಲಾಗಲಿ ತೋರಿಸಿದರೆ ಗುರುತಿನವರು ಸಿಗುತ್ತಾರೆ ಎಂದು ಗಂಡ ಕಲಬುರಗಿಗೆ ಕರೆದುಕೊಂಡು ಹೋಗಿದ್ದ. ಕಫದ ಪರೀಕ್ಷೆಯಾಯಿತು. ಕ್ಷಯ. ಮಾತ್ರೆ ಶುರುವಾಗಿತ್ತು. ಮಕ್ಕಳನ್ನೂ ಮನೆಯವರನ್ನೂ ಪರೀಕ್ಷೆ ಮಾಡಿಸಿದ್ದರು, ಅವರಿಗೇನೂ ಇರಲಿಲ್ಲ. ಅತ್ತೆಗೆ ಮಾತ್ರ ಯಾಕೆ ಪರೀಕ್ಷೆ ಅನ್ನುವುದನ್ನು ಹೇಳಿರಲಿಲ್ಲ.

"ಮುಚ್ಚಿಡಬ್ಯಾಡ್ರಿ, ಮುಚ್ಚಿಡಬ್ಯಾಡ್ರಿ ಅಂತ ಊರೂರು ತಿರುಗಿ ಹೇಳಾಕಿ ನಾನ ರಿ. ಈಗ ನಾನ ಮುಚ್ಚಿಟ್ಟೀನಿ. ಹೊರಗ ಗೊತ್ತಾದ್ರ ನನ್ನ ಯಾರು ಮನಿಯೊಳಗ ಬಿಟ್ಕೊಳ್ತಾರ? ನೌಕ್ರಿನೂ ಹೋಗ್ತದ."

"ನೌಕ್ರಿ ಹೋಗಂಗಿಲ್ಲ," ಅಂದೆ. "ಕಾಯಿಲೆ ಬಂತಂತ ಯಾರ್ನೂ ತೆಗೀಲಿಕ್ಕೆ ಬರಂಗಿಲ್ಲ. ಪಗಾರದ ರಜೆ ಅದ. ಡಾಕ್ಟರ್ ಹೇಳಿದಷ್ಟು ದಿನ ಮನಿಯಾಗಿರ್ರಿ. ಆಮ್ಯಾಲ ಬರ್ರಿ."

ಅವಳು ಅಷ್ಟು ಹೊತ್ತು ತಡೆದಿದ್ದನ್ನು ಬಿಟ್ಟು ಅತ್ತಳು. ನನಗೆ ಅಳುವವರ ಮುಂದೆ ಏನು ಮಾಡುವುದೆಂದು ತಿಳಿಯುವುದಿಲ್ಲ. ನೀರಿನ ಲೋಟ ಮುಂದೆ ಸರಿಸಿದೆ. ಅವಳು ಮುಟ್ಟಲಿಲ್ಲ.

"ಲೋಟದಿಂದ ಹತ್ತಂಗಿಲ್ಲ ಅಂತ ಮಂದಿಗಿ ಹೇಳೋರು ನೀವ ಅಲ್ರಿ?" ಅಂದೆ.

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಮಾಸ್ಕು ಸರಿಸಿ, ಮುಖವನ್ನು ಕಿಟಕಿಯ ಕಡೆ ತಿರುಗಿಸಿ ನೀರು ಕುಡಿದಳು.

ಕೇಳಬಾರದಾಗಿತ್ತೋ ಏನೋ, ಕೇಳಿಬಿಟ್ಟೆ. "ಅಕ್ಕೋರಿಗಿ ಯಾಕ ಹೇಳಲಿಲ್ರಿ?"

"ಅಕ್ಕೋರು ಭಾಳ ಜೀವಾ ಮಾಡ್ತಾರ್ರಿ. ಕೇಳಿದ ಕೂಡ್ಲೇ ಗಾಡಿ ತಗೊಂಡು ನಮ್ಮ ಮನಿಗಿ ಬಂದುಬಿಡ್ತಾರ. ಅವರು ಬಂದ್ರ ಓಣಿ ಹೆಣಮಕ್ಕಳೆಲ್ಲಾ ಕೂಡ್ತಾರ. ಯಾಕ ಬಂದಾರ, ಏನಾಗ್ಯದ ಅಂತ ನಮ್ಮತ್ತಿ ಕೇಳ್ತಾಳ. ಅಕ್ಕೋರ ಕಣ್ಣಾಗ ನೀರು ಬಂದ್ರ ನಾನೂ ಗಟ್ಟಿ ಇರಂಗಿಲ್ಲ. ನೀವಾದ್ರ..." ಅಂದು ನಿಲ್ಲಿಸಿದಳು.

"ನಾನಾದ್ರ?"

"ನೀವು ಬರಂಗಿಲ್ರಿ."

ನಾನು ಕೈಯಲ್ಲಿದ್ದ ಪೆನ್ನಿಗೆ ಮುಚ್ಚಳ ಹಾಕಿದೆ.

"ನೀವು ಯಾರ ಮನಿಗೂ ಬರಂಗಿಲ್ಲ. ಯಾರ ಹತ್ರನೂ ಹೆಚ್ಚಿಗಿ ಮಾತಾಡಂಗಿಲ್ಲ. ನಿಮಗ ಹೇಳಿದ್ದು ನಿಮ್ಮ ಹತ್ರನ ಇರ್ತದ. ಅಕ್ಕೋರಿಗೂ ಹೇಳಬ್ಯಾಡ್ರಿ ಸರ್ರ, ಕೈ ಮುಗೀತೀನಿ."

ಅದು ಹೊಗಳಿಕೆಯೋ ಬೈಗುಳವೋ ಎಂದು ಅವತ್ತು ತಿಳಿಯಲಿಲ್ಲ. ಆದರೆ ಅವಳು ಬಸ್ಸಿಗೆ ಹೋದ ಮೇಲೆ ನಾನು ಕಿಟಕಿ ಮುಚ್ಚದೆ, ಆ ಬಿಸಿಗಾಳಿಯಲ್ಲೇ ಬಹಳ ಹೊತ್ತು ಕೂತಿದ್ದೆ. ನನ್ನ ಹೆಂಡತಿಗೆ ಹೇಳದ್ದನ್ನು ನನಗೆ ಹೇಳಿದ್ದಳು. ಅವಳ ಕಾಯಿಲೆಯ ಬಗ್ಗೆ ದುಃಖವಿತ್ತು, ಸುಳ್ಳು ಹೇಳುವುದಿಲ್ಲ. ಆ ದುಃಖದ ಪಕ್ಕದಲ್ಲೇ ಕೂತು ಇನ್ನೊಂದು ನಗುತ್ತಿತ್ತು.

ಮರುದಿನವೇ ಕೆಲಸಕ್ಕೆ ಹತ್ತಿದೆ. ಅವಳ ಒಪ್ಪಿಗೆ ಪಡೆದು ನಿರ್ದೇಶಕಿಗೆ ಮಾತ್ರ ವಿಷಯ ತಿಳಿಸಿದೆ. ಅವರು ವೈದ್ಯೆ, ಅವರಿಗೆ ತಿಳಿಯದೆ ಮುಂದಿನದು ಆಗುವಂತಿರಲಿಲ್ಲ. ಅವಳ ಜೊತೆ ಒಂದೇ ಕೋಣೆಯಲ್ಲಿ ದಿನಗಟ್ಟಲೆ ಕೂತವರನ್ನು ಪರೀಕ್ಷಿಸಬೇಕಿತ್ತು. ಅವರನ್ನಷ್ಟೇ ಕರೆದರೆ ಬೆರಳು ಯಾರ ಕಡೆ ಹೋಗುತ್ತದೆಂದು ಯಾರಿಗಾದರೂ ತಿಳಿಯುತ್ತದೆ. ಹಾಗಾಗಿ ವರ್ಷಕ್ಕೊಮ್ಮೆ ಎಲ್ಲ ಸಿಬ್ಬಂದಿಗೂ ಮಾಡಿಸುವ ಆರೋಗ್ಯ ತಪಾಸಣೆಯನ್ನು ಅವಧಿಗೆ ಮೊದಲೇ ಆ ತಿಂಗಳಲ್ಲಿ ಇಟ್ಟೆ, ಎದೆಯ ಎಕ್ಸ್-ರೇಯನ್ನೂ ಸೇರಿಸಿದೆ. ನಿರ್ದೇಶಕಿಯಿಂದ ಹಿಡಿದು ಡ್ರೈವರನವರೆಗೆ ಎಲ್ಲರೂ ಶಹಾಪುರದ ಆಸ್ಪತ್ರೆಯ ಮುಂದೆ ಸಾಲುಗಟ್ಟಿದರು. ಡ್ರೈವರ್ ಗೊಣಗಿದ, "ಹೋದ ಸಲ ಬರೇ ಬಿ.ಪಿ. ನೋಡಿದ್ರು, ಈ ಸಲ ಎದಿ ಯಾಕ ತೆಗೀತಾರ?" ನಾನು, "ಮ್ಯಾಲಿನವರ ಹುಕುಂ," ಅಂದೆ. ಯಾರಿಗೂ ಏನೂ ಇರಲಿಲ್ಲ, ನೈರೋಬಿಯಿಂದ ಬಂದ ಮೇಲೆ ತೆಗೆಸಿಕೊಂಡ ನನ್ನ ಹೆಂಡತಿಗೂ. ಕೆಂಭಾವಿಯ ಸುತ್ತಿನ ಊರುಗಳಿಗೆ ಕೊಡೇಕಲ್ ಕಡೆಯ ಕಾರ್ಯಕರ್ತೆಯನ್ನು ತಾತ್ಕಾಲಿಕವಾಗಿ ಹಾಕಿದೆ. ಕೇಳಿದವರಿಗೆ "ಮನೆಯ ಕಾರಣಕ್ಕೆ ರಜೆ" ಅಂದೆ, ಅಷ್ಟೇ. ಆ ದಿನಗಳಲ್ಲಿ ನನ್ನ ನಡಿಗೆಯೇ ಬದಲಾಗಿತ್ತು ಅನ್ನಿಸುತ್ತದೆ. "ಅಪ್ಪಾ, ನೀವು ಹಾಡಾಕತ್ತೀರಿ," ಎಂದು ಮಗಳು ಬಾಗಿಲಲ್ಲಿ ನಿಂತು ಬೆರಗಾದಳು. ನಾನು ರೊಟ್ಟಿ ಬಡಿಯುವುದನ್ನು ಕಲಿಯುತ್ತಿದ್ದೆ.

ಹೆಂಡತಿ ಬಂದಳು. ನನಗೆ ಹೆಗಲು ಜೋತುಬೀಳುವ ಹೂವಿನ ಅಂಗಿ, ಮಗಳಿಗೆ ಮಣಿಯ ಸರ, ಅಲ್ಲಿಯ ಚಹಾಪುಡಿ. ಮನೆ ಮಂದಿಯಿಂದ ತುಂಬಿತು. ಎಲ್ಲರಿಗೂ ನೈರೋಬಿಯ ಕಥೆ ಬೇಕಿತ್ತು. ವಿಚಿತ್ರವೆಂದರೆ ಆ ಕಥೆಗಳು ನನ್ನನ್ನು ಅಷ್ಟು ಚುಚ್ಚಲಿಲ್ಲ.

ಎರಡು ದಿನ ಕಳೆದು, ಊಟಕ್ಕೆ ಕೂತಾಗ ಅವಳು ಪುಂಡಿಪಲ್ಯ ಬಡಿಸುತ್ತ ಕೇಳಿದಳು. "ಕೆಂಭಾವಿ ನಮ್ಮ ಹುಡುಗಿ ನಿಮ್ಮ ಹತ್ರ ಬಂದಿದ್ಲಂತ?"

"ಯಾರಂದ್ರು?"

"ಡ್ರೈವರ್ ಅಂದ. ನಿಮ್ಮ ಕೋಣಿಯಿಂದ ಕಣ್ಣು ಒರಸ್ಕೋತ ಹೋದ್ಲಂತ. ರಜಾ ಮ್ಯಾಲ ಅದಾಳಂತ. ಏನಾಗ್ಯದ್ರಿ ಆಕಿಗಿ?"

"ಮನಿ ಕಾರಣ."

"ನಾ ಫೋನ್ ಮಾಡಿದ್ದೆ. ಆಕಿನೂ ಹಂಗ ಅಂದ್ಲು. ದನಿ ಬರೋಬ್ಬರಿ ಇರಲಿಲ್ಲ. ನಿಮಗ ಏನ್ ಹೇಳ್ಯಾಳ?"

"ಅದು ಹೇಳಾಕ ಬರಂಗಿಲ್ಲ."

ಬಡಿಸುವ ಸೌಟು ನಿಂತಿತು. "ನನಗ?"

"ಯಾರಿಗೂ."

"ಆಕಿ ಬಾಣಂತನದಾಗ ರಾತ್ರೆಲ್ಲಾ ಬಾಜೂಕ ಕುಂತಾಕಿ ನಾನು. ನಿಮಗ ಹೇಳ್ಯಾಳಂದ್ರ ನನಗ ಗೊತ್ತಾದ್ರ ಏನಾಗ್ತದ್ರಿ? ನಾನೂ ಅದಾ ಕಚೇರಿಯಾಗ ಅದೀನಿ."

"ಅದೀ. ಆದ್ರ ನೀ ಎಚ್.ಆರ್. ಅಲ್ಲ," ಅಂದೆ.

ಈ ಮಾತನ್ನು ಹೇಳುವಾಗ ನಾಲಿಗೆಯ ಮೇಲೆ ಒಂದು ರುಚಿ ಹರಡಿತು. ಅವಳು ನನ್ನ ತಾಟಿಗೆ ಶೇಂಗಾ ಚಟ್ನಿಪುಡಿ ಹಾಕಿ ಒಳಗೆ ಹೋದಳು.

ಆಮೇಲೆ ಕೆಲವು ದಿನ ಅವಳು ಮಾತಿಗೆ ತಕ್ಕಷ್ಟು ಮಾತಾಡಿದಳು. ಚಹಾ ತಂದು ಇಡುವಳು, ನಿಲ್ಲುವುದಿಲ್ಲ. ಕಚೇರಿಯಲ್ಲಿ ನನ್ನ ಕೋಣೆಯ ಮುಂದೆ ಹೋಗುವಾಗ ಯಾರು ಕೂತಿದ್ದಾರೆ ಎಂದು ಕಣ್ಣಂಚಿನಿಂದ ನೋಡುವಳು. ಅವಳು ನೋಡಿದ್ದನ್ನು ನಾನು ನೋಡಿದೆ ಎಂದು ಗೊತ್ತಾದರೆ ಕತ್ತು ತಿರುಗಿಸುವಳು. ಮೊದಮೊದಲು ನನಗೆ ಖುಷಿಯೇ ಆಯಿತು. ಆದರೆ ಅವಳ ಮುಖ ನನಗೆ ಗೊತ್ತಿರುವಷ್ಟು ಬೇರೆ ಯಾರಿಗೆ ಗೊತ್ತು? ತುಟಿಯ ಬದಿಗಳು ಇಳಿದಿದ್ದವು. ಹಣೆ ಗಂಟಾಗಿತ್ತು. ಯಾವ ಹಳ್ಳಿಯ ಕಥೆಯನ್ನೂ ಮನೆಗೆ ತರಲಿಲ್ಲ. ಇಷ್ಟು ದಿನ ನನ್ನ ಮುಖವೂ ಹೀಗೇ ಇತ್ತೇನೋ, ಅದನ್ನು ಎದುರಿಗೆ ಕೂರಿಸಿಕೊಂಡು ಇವಳು ಊಟ ಬಡಿಸಿದಳೇನೋ ಅನ್ನಿಸಿತು. ಹೇಳಿಬಿಡಲೇ ಎಂದು ಒಂದೆರಡು ಸಲ ಬಾಯಿಗೆ ಬಂತು. ಅವಳು ನರ್ಸ್, ಯಾರ ಮುಂದೂ ಬಾಯಿ ಬಿಡುವವಳಲ್ಲ. ಆದರೆ ಕೈ ಮುಗಿದು ಕೇಳಿದ ಇನ್ನೊಬ್ಬಳಿದ್ದಳು. ನುಂಗಿಕೊಂಡೆ.

ಒಂದು ಭಾನುವಾರ ಬೆಳಿಗ್ಗೆ ಮಾಳಿಗೆಯ ಮೇಲೆ ಅವಳು ಮೆಣಸಿನಕಾಯಿ ಒಣಹಾಕುತ್ತಿದ್ದಳು. ನಾನು ಚೀಲ ಹಿಡಿದು ಸುರಿಯುತ್ತಿದ್ದೆ. ಕೋಟೆಯ ಗುಡ್ಡದ ಕಡೆಯಿಂದ ಗಾಳಿ ಬರುತ್ತಿತ್ತು. ಅವಳು ಕೈಯಾಡಿಸುತ್ತ, ನನ್ನ ಕಡೆ ನೋಡದೆ ಕೇಳಿದಳು.

"ಹಿಂಗ ಆಗ್ತಿತ್ತೇನ್ರಿ ನಿಮಗ?"

"ಏನು?"

"ಮಂದಿ ನನ್ನ ಹತ್ರ ಬಂದಾಗ."

ನಾನು ಚೀಲ ಕೆಳಗಿಟ್ಟೆ. "ಆಗ್ತಿತ್ತು."

"ಭಾಳ?"

"ಭಾಳ."

ಅವಳು ಮೆಣಸಿನಕಾಯಿಗಳನ್ನು ಹರಡುತ್ತಲೇ ಇದ್ದಳು. "ನನಗ ಗೊತ್ತಿತ್ತು. ರೈಲಿನ್ಯಾಗ ಗೊತ್ತಾಗಿತ್ತು, ಅದಕ್ಕಿಂತ ಮೊದ್ಲೂ ಗೊತ್ತಿತ್ತು. ಆದ್ರ ಇದು ಹಿಂಗ ಇರ್ತದಂತ ಗೊತ್ತಿರಲಿಲ್ಲ ನೋಡ್ರಿ. ಉಣಲಾಕನೂ ಬಿಡವಲ್ದು." ಕೊಳೆತ ಕಾಯಿಯೊಂದನ್ನು ಆರಿಸಿ ಎಸೆದು ಅಂದಳು, "ಎಕ್ಸ್-ರೇ ಎಲ್ಲಾರದೂ ಯಾಕ ತೆಗಿಸೀರಿ ಅನ್ನೋದು ನನಗ ತಿಳೀಲಾರದ್ದೇನಲ್ಲ. ಏನೂ ಹೇಳಬ್ಯಾಡ್ರಿ. ಆಕಿ ಮಾತ್ರಿ ತಗೊಳಾಕತ್ತಾಳಂದ್ರ ಸಾಕು."

ನಾನು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಅವಳೂ ಕಾಯಲಿಲ್ಲ. ಎದ್ದು ಕೈ ಕೊಡವಿ, ನನ್ನ ಮೂಗಿನ ಹತ್ತಿರ ಖಾರದ ಕೈ ತಂದು ಹೆದರಿಸಿದಳು. ಇಬ್ಬರಿಗೂ ಸೀನು ಬಂದು ಕಣ್ಣಲ್ಲಿ ನೀರು ಬಂತು.

ಕೆಂಭಾವಿಯವಳು ಡಾಕ್ಟರು ಹೇಳಿದಷ್ಟು ದಿನ ಮನೆಯಲ್ಲಿದ್ದು ಕೆಲಸಕ್ಕೆ ಮರಳಿದಳು. ಮೊದಲು ಸುರಪುರದ ಕಚೇರಿಯಲ್ಲಿ ಕೂತು ಮಾಡುವ ಕೆಲಸ ಕೊಟ್ಟೆ, ಆಮೇಲೆ ಅವಳ ಊರುಗಳನ್ನು ವಾಪಸು ಕೊಟ್ಟೆ. ತಿಂಗಳಿಗೊಮ್ಮೆ ನನಗೆ ಫೋನು ಮಾಡುವಳು. "ಆರಾಮದೀನ್ರಿ ಸರ್ರ," ಅನ್ನುವಳು. "ಬರೋಬ್ಬರಿ ಉಣ್ರಿ," ಅನ್ನುವೆ. ಅದಕ್ಕಿಂತ ಹೆಚ್ಚು ಮಾತು ನಮ್ಮಲ್ಲಿರಲಿಲ್ಲ. ಆದರೂ ಆ ಫೋನಿಗೆ ನಾನು ಕಾಯುತ್ತಿದ್ದೆ. ಬಂದ ದಿನ ಹೆಂಡತಿ ನನ್ನ ಮುಖ ನೋಡಿ ತಿಳಿದುಕೊಳ್ಳುವಳು, ಕೇಳುವುದಿಲ್ಲ. ಪಾತ್ರೆ ಮಾತ್ರ ಸ್ವಲ್ಪ ಜೋರಾಗಿ ಇಡುವಳು.

ಮಾತ್ರೆಯ ಕಾಲವೆಲ್ಲ ಮುಗಿದು, ಕೊನೆಯ ಪರೀಕ್ಷೆಯಲ್ಲೂ ಏನಿಲ್ಲವೆಂದು ಬಂದ ಮೇಲೆ, ಅವಳು ಒಂದು ದಿನ ನಮ್ಮ ಮನೆಗೇ ಬಂದಳು. ಬಾಗಿಲು ತೆಗೆದವನು ನಾನು. ಮುಖ ತುಂಬಿಕೊಂಡಿತ್ತು, ಕೈಯಲ್ಲಿ ಶೇಂಗಾ ಹೋಳಿಗೆಯ ಡಬ್ಬಿ. ಡಬ್ಬಿ ತೆಗೆದುಕೊಳ್ಳಲು ನಾನು ಬಲಗೈ ಒರೆಸಿಕೊಂಡು ಮುಂದೆ ಚಾಚಿದೆ ಅಂತ ಕಾಣುತ್ತದೆ.

"ಸರ್ರ, ಅಕ್ಕೋರು ಅದಾರೇನ್ರಿ?"

"ಒಳಗ ಅದಾಳ. ಬರ್ರಿ."

ಅವಳು ಡಬ್ಬಿಯ ಜೊತೆ ಸೀದಾ ಅಡುಗೆಮನೆಗೆ ಹೋದಳು. ಒಲೆಯ ಮೇಲೆ ಚಹಾ ಇಟ್ಟ ಸದ್ದು ಕೇಳಿತು. ನಾನು ಮತ್ತೆ ಟಿ.ವಿ.ಯ ಮುಂದೆ ಕೂತೆ. ಆಮೇಲೆ ಪಿಸುಮಾತು. ಹೆಂಡತಿಯ ದನಿ, "ಹುಚ್ಚಿ, ನನಗ್ಯಾಕ ಹೇಳಲಿಲ್ಲ ನೀ," ಎಂದದ್ದು. ಅಳು. ಮತ್ತೆ ಮಾತು, ಉದ್ದಕ್ಕೆ, ತಡೆಯಿಲ್ಲದೆ. ನನಗೆ ನಾಲ್ಕು ವಾಕ್ಯಗಳಲ್ಲಿ ಹೇಳಿದ್ದನ್ನು ಅವಳು ಅಲ್ಲಿ ಮೊದಲಿನಿಂದ, ಒಂದೊಂದೇ ಊರು, ಒಂದೊಂದೇ ಬಸ್ಸು, ಗಂಡ ಅಂದದ್ದು, ಅತ್ತೆ ಅಂದದ್ದು ಎಲ್ಲ ಸೇರಿಸಿ ಹೇಳುತ್ತಿದ್ದಳು. ಇಷ್ಟು ತಿಂಗಳು ನನ್ನ ಒಬ್ಬನ ಹತ್ತಿರ ಇದ್ದದ್ದು ಈಗ ಚಹಾದ ಜೊತೆ ಹಂಚಿಹೋಗುತ್ತಿತ್ತು. ಒಳ್ಳೆಯದೇ ಆಯಿತು, ಹೇಳಿಕೊಂಡರೆ ಅವಳಿಗೆ ಹಗುರ, ಇನ್ನು ಊರವರಿಗೂ ಧೈರ್ಯವಾಗಿ ಹೇಳುತ್ತಾಳೆ ಎಂದು ನನಗೆ ನಾನೇ ಅಂದುಕೊಂಡೆ. ಅದೆಲ್ಲ ನಿಜ. ಹೊಟ್ಟೆಯಲ್ಲಿ ಮಾತ್ರ ಆ ಹಳೆಯ ಉರಿ ಮೆಲ್ಲಗೆ ಏಳುತ್ತಿತ್ತು.

ಒಳಗಿನಿಂದ ಇದ್ದಕ್ಕಿದ್ದಂತೆ ಇಬ್ಬರ ನಗುವೂ ಕೇಳಿಸಿತು. ಅದರಲ್ಲಿ ನನ್ನ ಬಗ್ಗೆ 'ಸರ್' ಅನ್ನುವ ಮಾತು ಎಲ್ಲೋ ಬಂದ ಹಾಗಾಯಿತು. ನಾನು ರಿಮೋಟು ಹುಡುಕಿ ಟಿ.ವಿ.ಯ ದನಿ ಸಣ್ಣ ಮಾಡಿದೆ.